ಕೀಟೊದಲ್ಲಿ ಕೊನೆಯ ದಿನ: ಅಮ್ಮನಿಗೆ ಸಮಭಾಜಕ ವೃತ್ತದ ಮೇಲೆ ನಿಲ್ಲಬೇಕಂತೆ, ಸಲಹೆ ಕೊಡಿ

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ಈಕ್ವೆಡಾರ್ ರಾಜಧಾನಿ ಕೀಟೊದಿಂದ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನಾವೆಲ್ಲ ‘ಕ್ವಿಟೊ’ ಅಂತ ಬಾಯಿಪಾಠ ಮಾಡಿದ್ದೆವು ಅಲ್ವಾ, ಇಲ್ಲಿ ಹಾಗಂದರೆ ಯಾರಿಗೂ ತಿಳಿಯೋದಿಲ್ಲ.

ನಾನು ಕೆಲಸ ಮಾಡೋದು ಮ್ಯಾಡ್ರಿಡ್‌ನಲ್ಲಿ. ಅಮ್ಮ ಊರಿಂದ ಬಂದಿದ್ದರು, ಇಬ್ಬರೂ ಒಂದು ವಾರ ಇಲ್ಲಿಗೆ ಬಂದೆವು. ಅಮ್ಮನಿಗೆ 64. ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಸಮಾಜ ಪಾಠ ಮಾಡಿ ನಿವೃತ್ತರಾದವರು. ನಾಳೆ ಕೊನೆಯ ದಿನ. ರಾತ್ರಿ 8:30ಕ್ಕೆ ವಿಮಾನ. ಹಳೇ ಪೇಟೆಯ ಚರ್ಚುಗಳನ್ನೆಲ್ಲ ನೋಡಿ ಆಯಿತು. ಪನೆಸಿಯೊ ಗುಡ್ಡದ ಮೇಲಿನ ರೆಕ್ಕೆ ಇರುವ ಮರಿಯಮ್ಮನ ಪ್ರತಿಮೆಯೂ ಆಯಿತು. ಉಳಿದಿರೋದು: ಬೆಟ್ಟಕ್ಕೆ ಹೋಗುವ ಕೇಬಲ್ ಕಾರು, ಬಸಿಲಿಕಾ ಚರ್ಚಿನ ಗೋಪುರ, ಗ್ವಾಯಾಸಮೀನ್ ಅನ್ನೋ ಚಿತ್ರಕಾರನ ಮ್ಯೂಸಿಯಂ, ಮತ್ತೆ ‘ಮಿತಾದ್ ದೆಲ್ ಮುಂದೊ’, ಅಂದರೆ ‘ಜಗತ್ತಿನ ನಡು’ ಅನ್ನೋ ಸಮಭಾಜಕ ವೃತ್ತದ ಸ್ಮಾರಕ.

ಅಮ್ಮನಿಗೆ ಕೊನೆಯದೊಂದು ಸಾಕಂತೆ. ಮೊದಲ ದಿನವೇ ಕರೆದುಕೊಂಡು ಹೋಗಬೇಕಿತ್ತು. ಆದರೆ ಎತ್ತರಕ್ಕೆ ಅವರಿಗೆ ತಲೆನೋವು ಬಂದು ಎರಡು ದಿನ ಹಾಸಿಗೆಯಲ್ಲೇ ಕಳೆದರು. ಒಂದೇ ದಿನದಲ್ಲಿ ಏನೇನು ಆಗುತ್ತೆ? ಗೊತ್ತಿರುವವರು ಹೇಳಿ.

ಬೆಟ್ಟಹತ್ತೋಣ

ಕೇಬಲ್ ಕಾರು ಬಿಡಬೇಡಿ ಗುರುಗಳೇ. ಜುಲೈ ಅಂದರೆ ಅಲ್ಲಿ ಒಣ ಕಾಲ, ಬೆಳಗ್ಗೆ ಆಕಾಶ ತೆರೆದಿದ್ದರೆ ಕೋಟೊಪಾಕ್ಸಿ ಜ್ವಾಲಾಮುಖಿ ಕಾಣುತ್ತೆ. 5,897 ಮೀಟರ್, ತಲೆ ಮೇಲೆ ಹಿಮ. ಹತ್ತು ಗಂಟೆ ಮೇಲೆ ಮೋಡ ಬಂದರೆ ಮುಗೀತು, ಬಿಳಿ ಗೋಡೆ ನೋಡಿಕೊಂಡು ಇಳಿಯಬೇಕು.

ಆದರೆ ಒಂದು ಮಾತು. ಕೀಟೊ ಊರೇ 2,850 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಅಷ್ಟೇ. ಕೇಬಲ್ ಕಾರು ಇಳಿಸೋದು ಸುಮಾರು 4,000 ಮೀಟರ್‌ನಲ್ಲಿ. ತಾಯಿಯವರಿಗೆ ಊರಲ್ಲೇ ತಲೆನೋವು ಬಂದಿದೆ ಅಂದರೆ ನಾನಾದರೆ ಕರೆದುಕೊಂಡು ಹೋಗಲ್ಲ. ನೀವೊಬ್ಬರೇ ಆರೂವರೆಗೆ ಎದ್ದು ಹೋಗಿ ಬನ್ನಿ.

ನಕ್ಷೆಹುಚ್ಚ

ಸರ್, ಬೇಜಾರು ಮಾಡ್ಕೋಬೇಡಿ, ಒಂದು ಸತ್ಯ ಹೇಳ್ತೀನಿ. ಆ ಸ್ಮಾರಕ ಸಮಭಾಜಕ ವೃತ್ತದ ಮೇಲಿಲ್ಲ!

30 ಮೀಟರ್ ಎತ್ತರದ ಕಲ್ಲಿನ ಗೋಪುರ, ಮೇಲೊಂದು ಲೋಹದ ಗೋಳ, ಕೆಳಗೆ ಎಲ್ಲರೂ ಆಚೀಚೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವ ಹಳದಿ ಗೆರೆ. ಈಗಿನ ಜಿಪಿಎಸ್ ಲೆಕ್ಕದಲ್ಲಿ ನಿಜವಾದ ರೇಖೆ ಅಲ್ಲಿಂದ ಉತ್ತರಕ್ಕೆ ಸುಮಾರು 240 ಮೀಟರ್ ದೂರದಲ್ಲಿದೆ. ಅಂದರೆ ಗೆರೆಯ ಎರಡೂ ಕಡೆ ಕಾಲಿಟ್ಟವರು ಎರಡೂ ಕಾಲು ದಕ್ಷಿಣಾರ್ಧಗೋಳದಲ್ಲೇ ಇಟ್ಟಿರ್ತಾರೆ. ಸಮಾಜದ ಮೇಷ್ಟ್ರಿಗೆ ಇದನ್ನು ಮುಚ್ಚಿಡಬೇಡಿ.

ದಾವಣಗೆರೆ_ಬೆಣ್ಣೆ

240 ಮೀಟರಾ? ನಮ್ಮ ಬಸ್ ಸ್ಟಾಪಿನ ಬೋರ್ಡು ಒಂದು ಕಡೆ, ಬಸ್ಸು ನಿಲ್ಲೋದು ಇನ್ನೊಂದು ಕಡೆ. ಅದಕ್ಕಿಂತ ವಾಸಿ ಬಿಡಿ.

ಅಲ್ಲ, ಹಿಂದೆ ಅಲ್ಲಿಗೆ ಅಳತೆಗೆ ಬಂದ ಫ್ರೆಂಚರು ತಪ್ಪು ಅಳೆದರು ಅಂತ ಎಲ್ಲೋ ಓದಿದ್ದೆ. ನಿಜಾನಾ?

ನಕ್ಷೆಹುಚ್ಚ

ಬೆಣ್ಣೆ ಅವರೇ, ಇಲ್ಲೇ ಎಲ್ಲರೂ ಎಡವೋದು. ಪಾಪ, ಫ್ರೆಂಚರ ಮೇಲೆ ಸುಮ್ನೆ ಆರೋಪ.

ಅವರು ಬಂದಿದ್ದು 1736ರಲ್ಲಿ. ಗೊಡಿನ್, ಬುಗೆ, ಲಾ ಕಾಂಡಮೀನ್ ಅಂತ ಮೂವರು ಮುಖ್ಯರು, ಜೊತೆಗೆ ಸ್ಪೇನಿನ ಇಬ್ಬರು ನೌಕಾ ಅಧಿಕಾರಿಗಳು. ಅವರು ಬಂದಿದ್ದು ಸಮಭಾಜಕದ ಗೆರೆ ಹಾಕೋಕಲ್ಲ. ಆಗ ಯುರೋಪಿನಲ್ಲಿ ದೊಡ್ಡ ಜಗಳ. ಭೂಮಿ ಕಿತ್ತಳೆ ಹಣ್ಣಿನ ಹಾಗೆ ಧ್ರುವದಲ್ಲಿ ಚಪ್ಪಟೆಯೋ, ನಿಂಬೆಹಣ್ಣಿನ ಹಾಗೆ ಉದ್ದಕ್ಕೆ ಎಳೆದಂತಿದೆಯೋ? ನ್ಯೂಟನ್ ಚಪ್ಪಟೆ ಅಂದಿದ್ದ. ಪರೀಕ್ಷೆ ಮಾಡೋಕೆ ಒಂದು ತಂಡ ಉತ್ತರದ ಲ್ಯಾಪ್‌ಲ್ಯಾಂಡಿಗೆ, ಇನ್ನೊಂದು ಇಲ್ಲಿಗೆ. ಒಂದು ಡಿಗ್ರಿ ಅಕ್ಷಾಂಶ ನೆಲದ ಮೇಲೆ ಎಷ್ಟು ಉದ್ದ ಅಂತ ಎರಡೂ ಕಡೆ ಅಳೆಯೋದು. ಚಪ್ಪಟೆಯಾಗಿದ್ದರೆ ಧ್ರುವದ ಕಡೆ ಉದ್ದ ಜಾಸ್ತಿ ಬರಬೇಕು. ಬಂತು. ಈಗಿನ ಲೆಕ್ಕದಲ್ಲಿ ಸಮಭಾಜಕದ ಹತ್ತಿರ ಸುಮಾರು 110.6 ಕಿ.ಮೀ., ಧ್ರುವದ ಹತ್ತಿರ ಸುಮಾರು 111.7.

ಆ ಅಳತೆಗೆ ಅವರು ನೆಲದ ಮೇಲೆ ಮೊದಲ ಗೆರೆ ಹಿಡಿದದ್ದು ಯಾರುಕಿ ಅನ್ನೋ ಬಯಲಿನಲ್ಲಿ. ಸ್ಮಾರಕ ಇರುವ ಜಾಗದಲ್ಲಲ್ಲ. ಸ್ಮಾರಕ ಬಂದದ್ದು ಇನ್ನೂರು ವರ್ಷ ಆದಮೇಲೆ, 1936ರಲ್ಲಿ. ಅದೂ ಚಿಕ್ಕದು. ಆಮೇಲೆ ಅದನ್ನು ಕಲಕಲಿ ಅನ್ನೋ ಪಕ್ಕದ ಊರಿಗೆ ಸಾಗಿಸಿ, 1979ರಿಂದ 82ರ ಒಳಗೆ ಈಗಿನ ದೊಡ್ಡದನ್ನು ಕಟ್ಟಿದರು.

ಅರ್ಧಗೋಳ

ಕೀಟೊದಲ್ಲಿ ಎರಡು ವರ್ಷ ಇದ್ದೆ, ಹೂವಿನ ರಫ್ತಿನ ಕೆಲಸಕ್ಕೆ. ಕೊನೆಯ ದಿನ ಅಂದಿದ್ದಕ್ಕೆ ಹೇಳ್ತೀನಿ, ಊರಿನ ಆಕಾರವನ್ನು ಮೊದಲು ತಲೆಗೆ ಹಾಕ್ಕೊಳ್ಳಿ. ಕೀಟೊ ಅಂದರೆ ಎರಡು ಬೆಟ್ಟಸಾಲಿನ ನಡುವೆ ಉತ್ತರ ದಕ್ಷಿಣಕ್ಕೆ ಮಲಗಿದ ಪಡವಲಕಾಯಿ. ಮಿತಾದ್ ದೆಲ್ ಮುಂದೊ ಉತ್ತರದ ತುದಿಯಾಚೆ, ಹಳೇ ಪೇಟೆಯಿಂದ ಸುಮಾರು 26 ಕಿ.ಮೀ. ವಿಮಾನ ನಿಲ್ದಾಣ ಪೂರ್ವಕ್ಕೆ, ತಬಾಬೆಲಾ ಅನ್ನೋ ಕಡೆ, ಕಣಿವೆ ಇಳಿದು ಹತ್ತಬೇಕು. 2013ರವರೆಗೆ ನಿಲ್ದಾಣ ಊರೊಳಗೇ ಇತ್ತು, ಈಗ ಆ ರನ್‌ವೇ ಮೇಲೆ ಜನ ಸೈಕಲ್ ಹೊಡೀತಾರೆ. ಪಾರ್ಕ್ ಮಾಡಿದ್ದಾರೆ.

ಹಾಗಾಗಿ ಬೆಳಗ್ಗೆ ಉತ್ತರ, ಮಧ್ಯಾಹ್ನ ಊರು, 4 ಗಂಟೆಗೆ ನಿಲ್ದಾಣದ ಕಡೆ. ಸಂಜೆ 5ರ ಮೇಲೆ ಹೊರಟರೆ ಟ್ರಾಫಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ನೆನಪಾಗುತ್ತೆ.

ತಾಯಿಯವರ ತಲೆನೋವಿಗೆ ಒಂದು ಸಮಾಧಾನ: ಸ್ಮಾರಕ ಇರೋದು ಸುಮಾರು 2,500 ಮೀಟರ್‌ನಲ್ಲಿ. ಊರಿಗಿಂತ ತಗ್ಗು.

ಸ್ಮಾರಕಕ್ಕೆ ಮೊದಲು ಪುಲುಲಾವಾ ನೋಡಿ. ಅಲ್ಲಿಂದ ಸ್ವಲ್ಪವೇ ದೂರ. ಜ್ವಾಲಾಮುಖಿಯ ಬಾಯಿ, ಆದರೆ ಒಳಗೆ ಜನ ಇದ್ದಾರೆ, ಜೋಳದ ಹೊಲ ಇದೆ. ಮಧ್ಯಾಹ್ನ ಮಂಜು ಬಂದು ಬಾಯಿ ತುಂಬಿಬಿಡುತ್ತೆ.

ದುಡ್ಡಿನ ವಿಚಾರ: 2000ದಿಂದ ಅಲ್ಲಿ ಅಮೆರಿಕದ ಡಾಲರೇ ಚಲಾವಣೆ. ಆದರೆ 20ರ ನೋಟು ಕೊಟ್ಟರೆ ಸಣ್ಣ ಅಂಗಡಿಯವರು ಮುಖ ನೋಡ್ತಾರೆ. ಒಂದು, ಐದು ಡಾಲರ್ ಇಟ್ಟುಕೊಳ್ಳಿ. ಟ್ಯಾಕ್ಸಿ ಹೋಟೆಲಿನವರ ಹತ್ತಿರ ಹೇಳಿ ಕರೆಸಿ, ರಸ್ತೆಯಲ್ಲಿ ಕೈ ಅಡ್ಡ ಹಾಕಬೇಡಿ. ಈಗಿನ ಕಾಲ ಮೊದಲಿನಂತಿಲ್ಲ.

ಊಟದ_ಚಿಂತೆ

ಅಮ್ಮ ಸಸ್ಯಾಹಾರಿ ಆಗಿದ್ದರೆ ‘ಲೊಕ್ರೊ ದೆ ಪಾಪಾ’ ಕೇಳಿ. ಆಲೂಗಡ್ಡೆ ಸಾರು, ಒಳಗೆ ಚೀಸು, ಮೇಲೆ ಬೆಣ್ಣೆಹಣ್ಣು. ಜೊತೆಗೆ ಪಾಪ್‌ಕಾರ್ನ್ ಕೊಡ್ತಾರೆ. ಸಾರಿಗೆ ಹಾಕ್ಕೊಂಡು ತಿನ್ನೋಕೆ! ನಾನು ಮೊದಲು ಸಿನಿಮಾ ಟಾಕೀಸಿನ ಬಿಲ್ಲು ಸೇರಿಸಿದರಾ ಅಂದುಕೊಂಡಿದ್ದೆ. ಸಾರನ್ನು ಯಾವುದರಲ್ಲಿ ಕುದಿಸಿದ್ದಾರೆ ಅಂತ ಮಾತ್ರ ಕೇಳಲೇಬೇಕು, ಕೆಲವರು ಕೋಳಿಯ ರಸ ಹಾಕ್ತಾರೆ. ‘ಯಾಪಿಂಗಾಚೊ’ ಅಂತ ಆಲೂ ಬಿಲ್ಲೆ, ಶೇಂಗಾ ಗೊಜ್ಜಿನ ಜೊತೆ. ತಟ್ಟೆಯಲ್ಲಿ ಸಾಸೇಜೂ ಮೊಟ್ಟೆಯೂ ಬರುತ್ತೆ, ಮೊದಲೇ ಬೇಡ ಅನ್ನಿ. ರಸ್ತೆಬದಿ ‘ಚೋಚೊ’ ಕಾಳು, ಹುರಿದ ಜೋಳ, ಈರುಳ್ಳಿ, ನಿಂಬೆರಸ ಕಲಸಿ ಕೊಡ್ತಾರೆ. ನಮ್ಮ ಚುರುಮುರಿಯ ದೂರದ ನೆಂಟ.

ಬಿಳಿಕೋಟು

ಯಾರೂ ಹೇಳಲಿಲ್ಲ, ಆದ್ದರಿಂದ ನಾನು. ತಾಯಿಯವರು ಈಕ್ವೆಡಾರಿನಿಂದ ಭಾರತಕ್ಕೆ ಯಾವಾಗ ವಾಪಸ್? ಈಕ್ವೆಡಾರ್ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು 6 ದಿನದ ಒಳಗೆ ಲಸಿಕೆ ಪತ್ರ ಇಲ್ಲದೆ ಬೆಂಗಳೂರಲ್ಲಿ ಇಳಿದರೆ ಪ್ರತ್ಯೇಕವಾಗಿ ಇಡುವ ಅಧಿಕಾರ ಅಲ್ಲಿನವರಿಗಿದೆ, 6 ದಿನದವರೆಗೆ. ನಡುವೆ ಮ್ಯಾಡ್ರಿಡ್‌ನಲ್ಲಿ ವಿಮಾನ ಬದಲಾಯಿಸಿದರೂ ಲೆಕ್ಕ ಅದೇ. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ವೈದ್ಯರ ಹತ್ತಿರ ಮಾತಾಡಿಯೇ ತೀರ್ಮಾನ ಮಾಡಬೇಕು.

ತಿಪಟೂರು_ತೆಂಗು

ಡಾಕ್ಟ್ರೇ, ಧನ್ಯವಾದ. ಅದಕ್ಕೇ ಅಮ್ಮ ಮ್ಯಾಡ್ರಿಡ್‌ನಲ್ಲಿ ಇನ್ನೂ ಮೂರು ವಾರ ಇರ್ತಾರೆ. ಟಿಕೆಟ್ ಹಾಗೇ ಮಾಡಿಸಿದ್ದು.

240 ಮೀಟರ್ ವಿಚಾರ ಅಮ್ಮನಿಗೆ ಓದಿ ಹೇಳಿದೆ. ಐದು ನಿಮಿಷ ಮಾತಿಲ್ಲ. ಆಮೇಲೆ ‘ಹಾಗಾದರೆ ಎರಡೂ ಕಡೆ ನಿಲ್ಲೋಣ’ ಅಂದರು. ಕೇಬಲ್ ಕಾರು ರದ್ದು. ನಾಳೆ ಏಳಕ್ಕೆ ಹೊರಡ್ತೀವಿ.

ಸುಮ್ನೆ_ಓದುವವ

ಹೋಗಿ ಬಂದವರು ವರದಿ ಬರೀರಿ. ಈ ಥರ ಪ್ರಶ್ನೆ ಕೇಳಿ ಮಾಯ ಆಗುವವರೇ ಜಾಸ್ತಿ ಇಲ್ಲಿ.

ತಿಪಟೂರು_ತೆಂಗು (ನಾಲ್ಕು ದಿನ ಬಿಟ್ಟು)

ಮಾಯ ಆಗಿಲ್ಲ. ಮ್ಯಾಡ್ರಿಡ್ ತಲುಪಿ ನಿದ್ದೆ ಸರಿಹೋಗೋಕೆ ಇಷ್ಟು ದಿನ ಬೇಕಾಯಿತು. ಉದ್ದ ಬರೀತೀನಿ, ಕ್ಷಮಿಸಿ.

ಬೆಳಗ್ಗೆ ಆರೂ ಕಾಲಿಗೆ ಸೂರ್ಯ. ವರ್ಷಪೂರ್ತಿ ಹೆಚ್ಚುಕಮ್ಮಿ ಅಷ್ಟೇ, ಸಂಜೆ ಆರೂ ಕಾಲಿಗೆ ಮುಳುಗಡೆ. ಅಮ್ಮ ದಿನಾ ಎದ್ದು ಗಡಿಯಾರ ನೋಡಿ ‘ಸರಿ ಇದೆ’ ಅಂತಿದ್ದರು, ಸೂರ್ಯನ ಹಾಜರಿ ತೆಗೆದುಕೊಂಡ ಹಾಗೆ.

ಪುಲುಲಾವಾಗೆ ಎಂಟಕ್ಕೆ ಮುಟ್ಟಿದೆವು. ಅರ್ಧಗೋಳ ಅವರೇ, ನಿಮಗೆ ದೊಡ್ಡ ನಮಸ್ಕಾರ. ಮೇಲಿಂದ ನೋಡಿದರೆ ಕೆಳಗೆ ಚೌಕ ಚೌಕ ಹೊಲ, ಒಂದೆರಡು ಹೆಂಚಿನ ಮನೆ, ಹೊಗೆ. ಜ್ವಾಲಾಮುಖಿಯ ಹೊಗೆ ಅಲ್ಲ, ಅಡುಗೆ ಮನೇದು. ‘ಇವರಿಗೆ ಭಯ ಇಲ್ವಾ?’ ಅಂತ ಅಮ್ಮ ಡ್ರೈವರನ್ನು ಕೇಳಿಸಿದರು. ಅವನು ಊರ ಕಡೆ ಕೈ ತೋರಿಸಿ, ಕೀಟೊ ಇರೋದೂ ಪಿಚಿಂಚಾ ಜ್ವಾಲಾಮುಖಿಯ ಕಾಲ ಬುಡದಲ್ಲೇ, 1999ರಲ್ಲಿ ಊರೆಲ್ಲ ಬೂದಿ ಬಿತ್ತು, ಗುಡಿಸಿಕೊಂಡೆವು ಅಂದ. ಅಷ್ಟೇ.

ಆಮೇಲೆ ಸ್ಮಾರಕ. ಚೊಕ್ಕಟವಾಗಿದೆ. ಸುತ್ತ ಅಂಗಡಿ ಸಾಲು, ಲಾಮಾ ಗೊಂಬೆ, ಟೋಪಿ. (‘ಪನಾಮಾ ಟೋಪಿ’ ಹುಟ್ಟಿದ್ದು ಪನಾಮಾದಲ್ಲಲ್ಲ, ಇಲ್ಲೇ. ಆ ಹೆಸರು ಹೇಳಿದರೆ ಅಂಗಡಿಯವರು ತಿದ್ದುತ್ತಾರೆ.) ಹಳದಿ ಗೆರೆಯ ಮೇಲೆ ಸಾಲು. ಮುಂದಿದ್ದ ಜೋಡಿ ಹತ್ತು ನಿಮಿಷ ಫೋಟೊ ತೆಗೆಸಿಕೊಂಡರು. ಅಮ್ಮನ ಸರದಿ ಬಂದಾಗ ಅವರು ಆಚೀಚೆ ಕಾಲಿಡಲಿಲ್ಲ, ನೇರ ಗೆರೆಯ ಮೇಲೆ ನಿಂತರು. ಎರಡೂ ಕಾಲು ಜೋಡಿಸಿ, ಪ್ರಾರ್ಥನೆಗೆ ನಿಂತ ಹಾಗೆ. ‘ಸುಳ್ಳು ಗೆರೆ ಅಂತ ಗೊತ್ತಲ್ಲ, ಯಾಕಮ್ಮಾ?’ ಅಂದೆ. ‘ಇಷ್ಟು ಜನ ನಿಂತಿದ್ದಾರಲ್ಲ, ನಾನೂ ನಿಂತರೆ ಏನಾಯ್ತು’ ಅಂದರು.

ಸ್ಮಾರಕದ ಒಳಗೆ ಈಕ್ವೆಡಾರಿನ ಬುಡಕಟ್ಟುಗಳ ಬಗ್ಗೆ ಮ್ಯೂಸಿಯಂ ಇದೆ. ಬೇಗ ನೋಡಿದೆವು.

ಅಲ್ಲಿಂದ ಪಕ್ಕದ ಒಂದು ಖಾಸಗಿ ಪ್ರದರ್ಶನಕ್ಕೆ ಹೋದೆವು, ಹೆಸರು ಬೇಡ. ಗೆರೆಯ ಮೇಲೆ ನೀರಿನ ತೊಟ್ಟಿ ಇಟ್ಟು ರಂಧ್ರ ತೆಗೆದರೆ ನೀರು ನೇರ ಇಳಿಯುತ್ತೆ. ತೊಟ್ಟಿ ಎರಡು ಮೀಟರ್ ಉತ್ತರಕ್ಕಿಟ್ಟರೆ ಎಡಕ್ಕೆ ಸುಳಿ, ದಕ್ಷಿಣಕ್ಕಿಟ್ಟರೆ ಬಲಕ್ಕೆ. ಎಲ್ಲರೂ ‘ಓಹೋ’ ಅಂದರು. ಅಮ್ಮ ನನ್ನ ಕೈ ತಿವಿದು, ‘ಬಕೆಟ್ ಸುರಿಯುವಾಗ ಅವನ ಮಣಿಕಟ್ಟು ನೋಡು’ ಅಂದರು. ನೋಡಿದೆ. ಒಂದು ಸಲ ಈ ಕಡೆಯಿಂದ ಸುರಿದ, ಇನ್ನೊಂದು ಸಲ ಆ ಕಡೆಯಿಂದ. ನೇರ ಇಳಿಯಬೇಕಾದಾಗ ತುಂಬಿಟ್ಟು ಸುಮಾರು ಹೊತ್ತು ಮಾತಾಡಿದ. ಅಮ್ಮ ನನ್ನ ಮೂಲಕ ಕೇಳಿಸಿದರು: ‘ಸುರಿದ ಮೇಲೆ ಹತ್ತು ನಿಮಿಷ ಬಿಟ್ಟು ತೆಗೀತೀಯಾ?’ ಆ ಹುಡುಗ ನಕ್ಕುಬಿಟ್ಟ. ‘ಸೆನ್ಯೋರಾ ಟೀಚರಾ?’ ಅಂತ ಕೇಳಿದ. ಹೌದು ಅಂದೆ. ಮುಂದಿನ ಗುಂಪು ಕಾಯ್ತಿದೆ ಅಂತ ಹೊರಟ.

ಆಮೇಲೆ ನಿಜವಾದ ರೇಖೆ ಹುಡುಕೋ ಕೆಲಸ. ನನ್ನ ಫೋನಿನಲ್ಲಿ ಅಕ್ಷಾಂಶ ಸೊನ್ನೆ ಬರೋವರೆಗೆ ನಡೆಯೋದು. ಫೋನೂ ನೆಟ್ಟಗೆ ಹೇಳಲ್ಲ, ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ಅಲ್ಲಾಡುತ್ತೆ. ಕೊನೆಗೆ ಒಂದು ಕಾಂಪೌಂಡ್ ಗೋಡೆ, ಒಣ ಹುಲ್ಲು, ಒಂದು ನಾಯಿ ಮಲಗಿತ್ತು, ಅಲ್ಲಿ ಎಲ್ಲಾ ಸೊನ್ನೆ ಬಂತು. ಅಮ್ಮನಿಗೆ ತೋರಿಸಿದೆ. ಅವರು ತಕ್ಷಣ ತಮ್ಮ ಶಾಲೆಯ ಹಳೇ ಗೆಳತಿಗೆ ವಿಡಿಯೊ ಕಾಲ್ ಮಾಡಿದರು. ನಮಗೆ ಬೆಳಗ್ಗೆ 11, ತಿಪಟೂರಲ್ಲಿ ರಾತ್ರಿ 9:30.

‘ಎಲ್ಲೇ ಗೆರೆ? ಬರೀ ಹುಲ್ಲು ಕಾಣ್ತಿದೆ’ ಅಂದರು ಆ ಕಡೆಯಿಂದ.

‘ಗೆರೆ ಎಲ್ಲಿರುತ್ತೆ ಕಣೇ? ಕಾಲ್ಪನಿಕ ರೇಖೆ ಅಂತ ನೀನೇ ಮಕ್ಕಳಿಗೆ ನೋಟ್ಸ್ ಬರೆಸ್ತಿದ್ದೆ!’

ಇಬ್ಬರೂ ನಕ್ಕಿದ್ದು ನೋಡಬೇಕಿತ್ತು. ನಾಯಿ ಎದ್ದು ಹೋಯಿತು. ಅರ್ಧ ಗಂಟೆ ಅಲ್ಲೇ ನಿಂತು ಮಾತು. ಯಾರ ಮಗಳ ಮದುವೆ, ಯಾರಿಗೆ ಪೆನ್ಷನ್ ಬಾಕಿ, ಎಲ್ಲ ಸೊನ್ನೆ ಡಿಗ್ರಿಯಲ್ಲಿ. ಬಿಸಿಲು ಜೋರು. ಚಳಿ ಗಾಳಿಗೆ ಬಿಸಿಲು ಗೊತ್ತಾಗೋದೇ ಇಲ್ಲ, ಸಂಜೆಗೆ ನನ್ನ ಕುತ್ತಿಗೆ ಸುಟ್ಟ ಬದನೆಕಾಯಿ.

ಮಧ್ಯಾಹ್ನ ಊರಿಗೆ ವಾಪಸ್. ಲೊಕ್ರೊ ತಿಂದೆವು. ಅಮ್ಮನಿಗೆ ಪಾಪ್‌ಕಾರ್ನ್ ಹಿಡಿಸಿತು, ಬೆಣ್ಣೆಹಣ್ಣು ಪಕ್ಕಕ್ಕಿಟ್ಟರು. ಬಸಿಲಿಕಾ ಹೊರಗಿಂದ ಮಾತ್ರ. ಯುರೋಪಿನ ಚರ್ಚುಗಳಲ್ಲಿ ಗೋಡೆಯಿಂದ ಭೂತ ಪಿಶಾಚಿ ಬಾಯಿ ಚಾಚಿರುತ್ತವೆ, ಇಲ್ಲಿ ಆಮೆ, ಇಗುವಾನಾ, ಚಿಪ್ಪಿನ ಆರ್ಮಡಿಲೊ. ನಾನು ದಕ್ಷಿಣ ಅಮೆರಿಕದಲ್ಲಿ ನೋಡಿದ ಕಟ್ಟಡಗಳಲ್ಲೇ ನನಗೆ ಇಷ್ಟವಾದದ್ದು ಇದು, ಮ್ಯಾಡ್ರಿಡ್‌ನವರು ಬೈದರೂ ಪರವಾಗಿಲ್ಲ. ಈ ಚರ್ಚು ಪೂರ್ತಿ ಮುಗಿದ ದಿನ ಪ್ರಳಯ ಅಂತ ಅಲ್ಲಿ ಒಂದು ಮಾತಿದೆ, ಹಾಗಾಗಿ ಸ್ವಲ್ಪ ಬಾಕಿ ಇಟ್ಟಿದ್ದಾರಂತೆ.

ಕೊನೆಗೆ ಲಾ ರೋಂದಾ ಅನ್ನೋ ಹಳೇ ಗಲ್ಲಿ. ಅಲ್ಲಿ ಮರದ ಬುಗುರಿ ಮಾಡ್ತಾರೆ! ನಮ್ಮೂರ ಬುಗುರಿಯೇ, ಮೊಳೆ, ದಾರ ಎಲ್ಲ. ಅಮ್ಮ ಎರಡು ತೆಗೆದುಕೊಂಡರು. ‘ಕನೆಲಾಸೊ’ ಅನ್ನೋ ಬಿಸಿ ಪಾನೀಯ ಮದ್ಯ ಇಲ್ಲದೆ ಕೊಡಿ ಅಂದರೆ ಕೊಟ್ಟರು. ದಾಲ್ಚಿನ್ನಿ, ನರನ್‌ಹಿಯಾ ಅನ್ನೋ ಹುಳಿ ಹಣ್ಣು, ಮತ್ತೆ ‘ಪನೇಲಾ’. ಅಮ್ಮ ಒಂದು ಗುಟುಕು ಕುಡಿದು, ‘ಇದು ಬೆಲ್ಲ’ ಅಂದರು. ಬೆಲ್ಲವೇ.

ಅಷ್ಟು ಹೇಳಿದ್ದರೂ ನಾವು ಹೊರಟದ್ದು 4:40ಕ್ಕೆ. ಟ್ಯಾಕ್ಸಿಯವನು ಹತ್ತಿರದ ದಾರಿ ಅಂತ ಎಲ್ಲೋ ತಿರುಗಿಸಿ, ಕಣಿವೆಯ ತಿರುವಿನಲ್ಲಿ ಒಂದು ಗಂಟೆ ನಿಂತೆವು. ಕೌಂಟರ್ ಮುಚ್ಚೋಕೆ ಸ್ವಲ್ಪ ಹೊತ್ತಿರುವಾಗ ಓಡಿದೆವು. ನನ್ನ ಬಿಪಿ ಏರಿತ್ತು, ಅಮ್ಮ ಬುಗುರಿ ಕೈಚೀಲದಲ್ಲಿ ಇಡಬಹುದಾ, ಮೊಳೆ ಇದೆ ಅಂತ ಯೋಚಿಸ್ತಿದ್ದರು. ದೊಡ್ಡ ಬ್ಯಾಗಿಗೆ ಹಾಕಿದೆವು.

ನಕ್ಷೆಹುಚ್ಚ

ಸರ್, ಓದಿ ಖುಷಿ ಆಯಿತು. ಒಂದು ವಿಷಯ ಮೊದಲೇ ಹೇಳಬೇಕಿತ್ತು, ಮರೆತೆ. ಫ್ರೆಂಚರು ಗೆರೆ ಹಿಡಿದ ಯಾರುಕಿ ಬಯಲು ಅಂದೆನಲ್ಲ, ಅದು ಇರೋದು ಈಗಿನ ವಿಮಾನ ನಿಲ್ದಾಣದ ಪಕ್ಕದಲ್ಲೇ. ನೀವು ಓಡಿದ ಕಡೆಯೇ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಹಾಕ್ಕೊಂಡು ಬೆಟ್ಟದಿಂದ ಬೆಟ್ಟಕ್ಕೆ ದಕ್ಷಿಣಕ್ಕೆ ಹೋದರು, ವರ್ಷಗಟ್ಟಲೆ.

ಇದೇ ಕೆಲಸ ನಮ್ಮಲ್ಲೂ ನಡೆದಿದೆ. 1800ರಲ್ಲಿ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸರ್ವೇ ಅಧಿಕಾರಿ ಬೆಂಗಳೂರಿನ ಹತ್ತಿರ ಬೇಸ್‌ಲೈನ್, ಅಂದರೆ ಅಂಥದೇ ಮೊದಲ ಗೆರೆ, ಅಳೆದ, 1802ರಲ್ಲಿ ಮದ್ರಾಸಿನಲ್ಲಿ. ಅವನಿಗೂ ನಕ್ಷೆಯ ಜೊತೆಗೆ ಭೂಮಿಯ ಆಕಾರದ ಹುಚ್ಚು ಇತ್ತು. ತಾಯಿಯವರಿಗೆ ಹೇಳಿ.

ದಾವಣಗೆರೆ_ಬೆಣ್ಣೆ

ಆ ನೀರಿನ ಆಟ ಪೂರ್ತಿ ಸುಳ್ಳಾ? ನನ್ನ ಭಾವ ಕೀನ್ಯಾದಲ್ಲಿ ಅದೇ ನೋಡಿ ಬಂದು ನಮಗೆಲ್ಲ ಪಾಠ ಮಾಡಿದ್ದ.

ನಕ್ಷೆಹುಚ್ಚ

ತತ್ವ ಸುಳ್ಳಲ್ಲ, ತೊಟ್ಟಿ ಸುಳ್ಳು. ಭೂಮಿ ತಿರುಗೋದರ ಪರಿಣಾಮ ಚಂಡಮಾರುತದಷ್ಟು ದೊಡ್ಡದರ ಮೇಲೆ ಚೆನ್ನಾಗಿ ಕಾಣುತ್ತೆ. ಕೈತೊಳೆಯೋ ಬೇಸಿನ್ನಿನಲ್ಲಿ ಸುರಿದ ರಭಸವೇ ಅದಕ್ಕಿಂತ ಎಷ್ಟೋ ಪಟ್ಟು ಜೋರು. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶಪಿರೊ ಅನ್ನೋರು ಸುಮಾರು 6 ಅಡಿ ಅಗಲದ ತೊಟ್ಟಿಗೆ ನೀರು ತುಂಬಿ, 24 ಗಂಟೆ ಅಲುಗಾಡದ ಹಾಗೆ ಬಿಟ್ಟು, ಮೆಲ್ಲಗೆ ರಂಧ್ರ ತೆಗೆದು ತೋರಿಸಿದರು. ಆಗ ಸುಳಿ ಉತ್ತರಾರ್ಧಗೋಳಕ್ಕೆ ತಕ್ಕ ಹಾಗೆ ಬಂತು. ಸಮಭಾಜಕದಿಂದ ಎರಡು ಮೀಟರ್ ಆಚೆ ಅಂತೂ ಆ ಪರಿಣಾಮ ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಟೀಚರಮ್ಮ ಕೇಳಿದ ಹತ್ತು ನಿಮಿಷದ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ.

ಅರ್ಧಗೋಳ

ಗೆರೆಯ ಮೇಲೆ ಮಾತ್ರ ನಿಲ್ಲುತ್ತೆ ಅಂತ ಮೊಳೆ ಮೇಲೆ ಮೊಟ್ಟೆ ನಿಲ್ಲಿಸೋದು ಮಾಡಿಸಲಿಲ್ವಾ? ನನ್ನ ಜೊತೆ ಬಂದವರೆಲ್ಲ ಸರ್ಟಿಫಿಕೇಟ್ ತಗೊಂಡು ಬಂದಿದ್ದರು.

ತಿಪಟೂರು_ತೆಂಗು

ಮಾಡಿಸಿದರು. ಅಮ್ಮ ಮುಟ್ಟಲಿಲ್ಲ. ನಾನು ಮೂರನೇ ಸಲಕ್ಕೆ ನಿಲ್ಲಿಸಿದೆ. ಮ್ಯಾಡ್ರಿಡ್‌ನಲ್ಲಿ ಮೊನ್ನೆ ಅಡುಗೆ ಕಟ್ಟೆ ಮೇಲೂ ನಿಲ್ಲಿಸಿದೆ, ಇಲ್ಲಿ 40 ಡಿಗ್ರಿ ಉತ್ತರ. ಸರ್ಟಿಫಿಕೇಟ್ ಕೊಡುವವರಿಲ್ಲ.

ಸುಮ್ನೆ_ಓದುವವ

ಒಂದು ಅನುಮಾನ. ಅಲ್ಲಿ ಮಧ್ಯಾಹ್ನ ನೆರಳೇ ಬೀಳಲ್ಲ ಅಂತಾರಲ್ಲ?

ತಿಪಟೂರು_ತೆಂಗು

ಇದಕ್ಕೆ ಅಮ್ಮನೇ ಪಕ್ಕದಲ್ಲಿ ಕೂತು ಹೇಳಿ ಬರೆಸ್ತಿದ್ದಾರೆ. ಅಲ್ಲಿ ನೆರಳು ಪೂರ್ತಿ ಕಾಲ ಕೆಳಗೆ ಬರೋದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಗಲು ರಾತ್ರಿ ಸಮ ಇರೋ ಸಮಯಕ್ಕೆ. ಜುಲೈನಲ್ಲಿ ಸೂರ್ಯ ಉತ್ತರಕ್ಕಿರ್ತಾನೆ, ನಮ್ಮ ನೆರಳು ದಕ್ಷಿಣಕ್ಕೆ ಬಿತ್ತು. ನೆರಳಿಲ್ಲದ ಮಧ್ಯಾಹ್ನ ನೋಡೋಕೆ ಅಷ್ಟು ದೂರ ಹೋಗಬೇಕಿಲ್ಲ, ಬೆಂಗಳೂರಲ್ಲೂ ವರ್ಷಕ್ಕೆ ಎರಡು ಸಲ ಬರುತ್ತೆ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಹೊತ್ತಿಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ ಅಂತ ಹೇಳು ಅಂದರು.

ಊಟದ_ಚಿಂತೆ

ಆ ಬುಗುರಿ ಆಡಿದಿರಾ? ಇಷ್ಟೆಲ್ಲ ಓದಿದ ಮೇಲೆ ಕೇಳ್ತೀನಿ, ಅದು ಎಡಕ್ಕೆ ತಿರುಗುತ್ತೋ ಬಲಕ್ಕೋ?

ತಿಪಟೂರು_ತೆಂಗು

ಅಮ್ಮ ದಾರ ಯಾವ ಕಡೆ ಸುತ್ತಿದರೋ ಆ ಕಡೆಗೆ. ಕೆಳಗಿನ ಮನೆಯವರು ಎರಡು ಸಲ ಬಾಗಿಲು ತಟ್ಟಿದ್ದಾರೆ.